ಹಳೆಗನ್ನಡದ 'ಗ' ವೇಲ್ಸಿನ ರೋಡ್ ಬೋರ್ಡ್ ಮೇಲೆ

ಇಂಗ್ಲೆಂಡ್ ಕಡೆಯಿಂದ ಸೆವರ್ನ್ ನದಿ ಸೇತುವೆ ದಾಟಿ ವೇಲ್ಸ್ ಒಳಗೆ ಬಂದ್ರೆ ರಸ್ತೆ ಪಕ್ಕ 'ಕ್ರೋಯ್ಸೋ ಇ ಗಮ್ರಿ' ಅಂತ ಬೋರ್ಡ್ ಇರತ್ತೆ, ವೇಲ್ಸಿಗೆ ಸ್ವಾಗತ ಅಂತ ಅರ್ಥ. ಆದ್ರೆ ವೆಲ್ಶ್ ಭಾಷೇಲಿ ಆ ದೇಶದ ಹೆಸರು ಕಮ್ರಿ, ಗಮ್ರಿ ಅಲ್ಲ. 'ವೇಲ್ಸಲ್ಲಿ' ಅನ್ನಬೇಕಾದ್ರೆ ಅದೇ ಹೆಸರು 'ಅಙ್ ಙ್ಹಮ್ರಿ' ಆಗತ್ತೆ, 'ಇಂಗ್ಲೆಂಡೂ ವೇಲ್ಸೂ' ಅನ್ನಬೇಕಾದ್ರೆ ಕೊನೇಲಿ 'ಅ ಖಮ್ರಿ' ಬರತ್ತೆ (ಈ 'ಅ' ಅಂದ್ರೆ 'ಮತ್ತು'). ಒಂದು ಹೆಸರು, ಮೊದಲ ಅಕ್ಷರ ಮಾತ್ರ ಕ, ಗ, ಙ್ಹ, ಖ ಅಂತ ನಾಲ್ಕು ಥರ, ಹಿಂದೆ ಯಾವ ಪದ ನಿಂತಿದೆ ಅನ್ನೋದನ್ನ ನೋಡ್ಕೊಂಡು ಬದಲಾಗ್ತಾ ಹೋಗತ್ತೆ.

ಇದನ್ನ ಕೇಳಿದೋರು ಸುಮಾರು ಜನ ಎಂಥಾ ವಿಚಿತ್ರ ಭಾಷೆನಪ್ಪಾ ಅಂತಾರೆ. ನಾವು ಕನ್ನಡದೋರು ಹಂಗೆ ಅನ್ನೋ ಹಾಗಿಲ್ಲ. ನಮ್ಮ ಭಾಷೆ ಹೆಸರು ಕನ್ನಡ, ಹಿಂದೆ 'ಹಳೆ' ಅಂತ ಸೇರಿಸಿದ ತಕ್ಷಣ ಅದು ಹಳೆಗನ್ನಡ ಆಗತ್ತೆ, ನಡು ಅಂದ್ರೆ ನಡುಗನ್ನಡ, ಹೊಸ ಅಂದ್ರೆ ಹೊಸಗನ್ನಡ. ಸ್ಕೂಲಲ್ಲಿ ಆದೇಶ ಸಂಧಿ ಅಂತ ಎಲ್ಲರೂ ಬಾಯಿಪಾಠ ಮಾಡಿರ್ತೀವಿ, ಮಳೆ ಕಾಲ ಸೇರಿ ಮಳೆಗಾಲ, ಬೆಟ್ಟ ತಾವರೆ ಸೇರಿ ಬೆಟ್ಟದಾವರೆ, ಕಣ್ ಪನಿ ಸೇರಿ ಕಂಬನಿ, ಕ ತ ಪ ಇರೋ ಜಾಗದಲ್ಲಿ ಗ ದ ಬ ಬರತ್ತೆ ಅಂತ. ವೆಲ್ಶ್‌ನಲ್ಲೂ ಕ ಟ ಪ ಹೋಗಿ ಗ ಡ ಬ ಬರತ್ತೆ. ಆ ಭಾಷೆಗೆ ಅವರು ಇಟ್ಕೊಂಡಿರೋ ಹೆಸರು ಕಮ್ರಾಯ್ಗ್, ಹಿಂದೆ 'ಅ' ಅನ್ನೋ ಪುಟ್ಟ ಪದ (ಇಂಗ್ಲಿಷಿನ 'ದಿ' ಥರದ್ದು) ಬಂದ್ರೆ 'ಅ ಗಮ್ರಾಯ್ಗ್' ಆಗತ್ತೆ. ಕನ್ನಡ ಗನ್ನಡ ಆಯ್ತು, ಕಮ್ರಾಯ್ಗ್ ಗಮ್ರಾಯ್ಗ್ ಆಯ್ತು. ಎರಡು ಭಾಷೆಗೂ ರಕ್ತಸಂಬಂಧ ಏನೂ ಇಲ್ಲ, ಅದು ಸೆಲ್ಟಿಕ್ (ಐರಿಷ್ ಕೂಡ ಇರೋ ಗುಂಪು) ಇದು ದ್ರಾವಿಡ, ಆದ್ರೆ ಮನುಷ್ಯರ ನಾಲಿಗೆ, ತುಟಿ, ಗಂಟಲು ಎಲ್ಲಾ ಕಡೆ ಒಂದೇ ಅಲ್ವಾ.

ಈ ಬದಲಾವಣೆಗೆ ವೆಲ್ಶ್‌ನಲ್ಲಿ ಟ್ರೈಗ್ಲಾಡ್ ಅಂತಾರೆ, ಉರುಳೋದು ಅನ್ನೋ ಅರ್ಥದ ಪದದಿಂದ ಬಂದಿದ್ದು. ಇದರ ಬಗ್ಗೆ ಈಗ ಯಾಕೆ ಬರೀತಿದೀನಿ ಅಂದ್ರೆ ಆ ಟ್ರೈಗ್ಲಾಡ್ ನಮ್ಮ ಕಣ್ಣೆದುರೇ ಬದಲಾಗ್ತಾ ಇದೆ, ಕೆಲವು ಕಡೆ ಉದುರ್ತಾ ಇದೆ, ಭಾಷೇನೇ ಹೋಯ್ತು ಅಂತ ಅಲ್ಲಿ ಒಂದಷ್ಟು ಜನ ಕಂಗಾಲಾಗಿದಾರೆ. 1911ರ ಜನಗಣತೀಲಿ ವೇಲ್ಸ್ ಜನರಲ್ಲಿ ಶೇಕಡಾ 43ಕ್ಕಿಂತ ಜಾಸ್ತಿ ವೆಲ್ಶ್ ಮಾತಾಡ್ತಿದ್ರು, 2011ರಲ್ಲಿ ಅದು ಶೇಕಡಾ 19, 2021ರಲ್ಲಿ ಶೇಕಡಾ 17.8, ಅಂದ್ರೆ ಸುಮಾರು 5 ಲಕ್ಷ 38 ಸಾವಿರ ಜನ. 5ರಿಂದ 15 ವಯಸ್ಸಿನ ಮಕ್ಕಳಲ್ಲಿ ಹತ್ತೇ ವರ್ಷದಲ್ಲಿ ಶೇಕಡಾ 40ರಿಂದ 34ರ ಆಸುಪಾಸಿಗೆ ಇಳೀತು. 2050ರ ಹೊತ್ತಿಗೆ ಹತ್ತು ಲಕ್ಷ ಜನ ವೆಲ್ಶ್ ಮಾತಾಡಬೇಕು ಅಂತ ಅಲ್ಲಿನ ಸರ್ಕಾರ 2017ರಲ್ಲಿ ಗುರಿ ಇಟ್ಕೊಂಡಿತ್ತು, 2025ರಲ್ಲಿ ಆ ಗುರೀನ ಕಾನೂನಿನಲ್ಲೇ ಬರೆದು ಹೊಸ ಶಿಕ್ಷಣ ಕಾಯ್ದೆ ತಂದ್ರು. ಆ ಹತ್ತು ಲಕ್ಷ ತಲುಪಬೇಕು ಅಂದ್ರೆ ಮನೇಲಿ ಇಂಗ್ಲಿಷ್ ಮಾತಾಡಿ ಸ್ಕೂಲಲ್ಲಿ ಮಾತ್ರ ವೆಲ್ಶ್ ಕಲಿಯೋ ಮಕ್ಕಳೇ ಬರಬೇಕು, ಆ ಮಕ್ಕಳ ಬಾಯಲ್ಲಿ ಕ ಯಾವಾಗ ಗ ಆಗಬೇಕೋ ಆಗ ಆಗ್ತಿಲ್ಲ.

ಮುಂದಕ್ಕೆ ಹೋಗೋ ಮುಂಚೆ ಉಚ್ಚಾರಣೆ ಬಗ್ಗೆ ಎರಡು ಮಾತು. ವೆಲ್ಶ್ ಸದ್ದುಗಳನ್ನ ಬರೆಯೋಕೆ ಕನ್ನಡ ಲಿಪಿ ಇಂಗ್ಲಿಷಿಗಿಂತ ಎಷ್ಟೋ ವಾಸಿ. ಅವರ ಗಟ್ಟಿ ಡ ನಮ್ಮ ಡ, ಇಂಗ್ಲಿಷಿನ ದಿಸ್ ದಟ್‌ನಲ್ಲಿ ಬರೋ ಮೆತ್ತನೆ ಸದ್ದಿಗೆ ದ ಅಂತ ಹಾಕಿದೀನಿ. ಖ ಅಂತ ಬರೆದಿರೋದು ಗಂಟಲನ್ನ ಉಜ್ಜಿಕೊಂಡು ಬರೋ ಸದ್ದು, ಉರ್ದು ಮಾತಾಡೋರ ಬಾಯಲ್ಲಿ 'ಖಬರ್' ಕೇಳಿದೀರಲ್ಲ ಅದು. ಲ್ಹ ಅಂದ್ರೆ ನಾಲಿಗೇನ ಲ ಜಾಗದಲ್ಲಿಟ್ಟು ಬರೀ ಉಸಿರು ಬಿಡೋದು. ಇನ್ನು ಙ, ಪಾಪ, ವರ್ಣಮಾಲೇಲಿ ಕ ಖ ಗ ಘ ಆದ್ಮೇಲೆ ಬರೋ ಈ ಅಕ್ಷರ ಎಲ್ಲಿ ಉಪಯೋಗ ಆಗತ್ತೆ ಅಂತ ಪ್ರತಿ ಮಗೂನೂ ಒಂದಲ್ಲ ಒಂದು ದಿನ ಕೇಳಿರತ್ತೆ, ವೆಲ್ಶ್‌ನಲ್ಲಿ ಅದು ಪದದ ಮೊದಲಲ್ಲೇ ಬಂದು ಕೂರತ್ತೆ.

ಈಗ ಇದೆಲ್ಲಾ ಹೇಗಾಯ್ತು ಅಂತ ನೋಡೋಣ. ಇದಕ್ಕೆ ನನಗೆ ಗೊತ್ತಿರೋ ಅತ್ಯಂತ ಒಳ್ಳೆ ಪಾಠ ನಮ್ಮ ಮಗ್ಗಿ ಪುಸ್ತಕದಲ್ಲಿದೆ. ಹತ್ತು ಅನ್ನೋದು ಹಳೆಗನ್ನಡದಲ್ಲಿ ಪತ್ತು. ಆ ಪತ್ತು ಒಂಟಿಯಾಗಿ ಇದ್ದಾಗ ಕಾಲ ಕಳೆದಂಗೆ ಹತ್ತು ಆಯ್ತು. ಆದ್ರೆ ಬೇರೆ ಸಂಖ್ಯೆಗಳ ಒಳಗೆ ಸೇರ್ಕೊಂಡಿರೋ ಪತ್ತು ನೋಡಿ. ಮೂವತ್ತು, ಐವತ್ತು, ಅರವತ್ತು, ಇಲ್ಲೆಲ್ಲಾ ಎರಡು ಸ್ವರದ ಮಧ್ಯೆ ಸಿಕ್ಕಿ ಪ ಮೆತ್ತಗಾಗಿ ವ ಆಗಿದೆ. ಇಪ್ಪತ್ತು, ಎಪ್ಪತ್ತು, ಇಲ್ಲಿ ಹಿಂದಿನ ವ್ಯಂಜನ ಬಂದು ಪಕಾರಕ್ಕೆ ಅಂಟಿಕೊಂಡು ಒತ್ತಕ್ಷರ ಆಗಿ, ಅದರಿಂದ ಬೇರೇನೇ ದಾರಿ ಹಿಡಿದಿದೆ. ಎಂಬತ್ತು, ತೊಂಬತ್ತು, ಇಲ್ಲಿ ಹಿಂದೆ ಮೂಗಿನ ಸದ್ದು ಇದ್ದಿದ್ದಕ್ಕೆ ಬ ಆಗಿದೆ. ಒಂದೇ ಪತ್ತು, ಅಕ್ಕಪಕ್ಕ ಯಾರಿದಾರೆ ಅನ್ನೋದರ ಮೇಲೆ ಅದರ ಹಣೆಬರಹ ಬೇರೆ ಬೇರೆ ಆಗೋಯ್ತು. ಸ್ವರದ ಮಧ್ಯೆ ಒಂದು, ಒತ್ತು ಬಿದ್ದಾಗ ಒಂದು, ಅನುನಾಸಿಕದ ಪಕ್ಕ ಇನ್ನೊಂದು.

ವೆಲ್ಶ್‌ನ ಮೂರು ಟ್ರೈಗ್ಲಾಡ್‌ಗಳೂ ಹುಟ್ಟಿರೋದು ಬಹುಪಾಲು ಇದೇ ಮೂರು ಸನ್ನಿವೇಶದಿಂದ. ಸ್ವರದ ಮಧ್ಯೆ ಸಿಕ್ಕ ವ್ಯಂಜನ ಮೆತ್ತಗಾಯ್ತು: ಪ ಬ ಆಯ್ತು, ಟ ಡ ಆಯ್ತು, ಕ ಗ ಆಯ್ತು, ಬ ಮತ್ತು ಮ ಎರಡೂ ವ ಆದ್ವು, ಡ ದ ಆಯ್ತು, ಗ ಸವೆದು ಸವೆದು ಪೂರ್ತಿ ಮಾಯ ಆಯ್ತು, ಲ್ಹ ಲ ಆಯ್ತು, ಉಸಿರಿನ ರ್ಹ ಬರೀ ರ ಆಯ್ತು. ಇದು ಮೃದು ಟ್ರೈಗ್ಲಾಡ್. ಒತ್ತು ಬಿದ್ದ ಕ ಟ ಪ ಗಳು ಖ ಥ ಫ ಅನ್ನೋ ಉಸಿರಿನ ಸದ್ದುಗಳಾದ್ವು. ಮೂಗಿನ ಸದ್ದಿನ ಪಕ್ಕ ಬಿದ್ದಿದ್ದು ತಾನೇ ಮೂಗಿನ ಸದ್ದಾಯ್ತು, ಕ ಹೋಗಿ ಙ್ಹ, ಟ ಹೋಗಿ ನ್ಹ, ಪ ಹೋಗಿ ಮ್ಹ.

ಇದಕ್ಕೆ ಸಾಕ್ಷಿ ರೋಮನ್ನರು ಬಿಟ್ಟು ಹೋದ ಪದಗಳಲ್ಲಿದೆ. ಅವರು ಕ್ರಿ.ಶ. 43ರಲ್ಲಿ ಬ್ರಿಟನ್‌ಗೆ ಸೈನ್ಯ ತಂದ್ರು, 410ರ ಹೊತ್ತಿಗೆ ಅವರ ಆಡಳಿತ ಮುಗೀತು, ಮಧ್ಯದ ಮುನ್ನೂರೈವತ್ತು ಚಿಲ್ಲರೆ ವರ್ಷದಲ್ಲಿ ನೂರಾರು ಲ್ಯಾಟಿನ್ ಪದ ಸ್ಥಳೀಯರ ಬಾಯಿಗೆ ಬಂದ್ವು. ಆ ಪದಗಳಿಗೆ ಆಮೇಲೆ ಏನಾಯ್ತು ನೋಡಿ. ಜನ ಅನ್ನೋ ಅರ್ಥದ ಪೋಪುಲುಸ್ ವೆಲ್ಶ್‌ನಲ್ಲಿ ಪೋಬ್ಲ್, ಮಧ್ಯದ ಪ ಬ ಆಗಿದೆ, ಮೊದಲ ಪ ಹಂಗೇ ಇದೆ. ಸರಪಳಿ ಅನ್ನೋ ಕಾಟೇನಾ ಕಾಡ್ವಿನ್ ಆಯ್ತು. ಸಂಖ್ಯೆ ಅನ್ನೋ ನುಮೆರುಸ್ ನಿವೆರ್ ಆಯ್ತು, ಮ ಹೋಗಿ ವ. ವೈದ್ಯ ಅನ್ನೋ ಮೆಡಿಕುಸ್ ಮೆದಿಗ್ ಆಯ್ತು, ಒಂದೇ ಪದದಲ್ಲಿ ಡ ದ ಆಗಿದೆ, ಕ ಗ ಆಗಿದೆ. ನನಗೆ ಇದರಲ್ಲಿ ಭಾಳ ಇಷ್ಟವಾದದ್ದು ಪಾಪ ಅನ್ನೋ ಅರ್ಥದ ಪೆಕ್ಕಾಟುಮ್, ಅದು ವೆಲ್ಶ್‌ನಲ್ಲಿ ಪೆಖೋಡ್, ಒತ್ತು ಇದ್ದ ಕ್ಕ ಖ ಆಗಿದೆ, ಒಂಟಿ ಟ ಡ ಆಗಿದೆ, ಎರಡು ನಿಯಮ ಒಂದೇ ಪದದ ಒಳಗೆ ಪಕ್ಕಪಕ್ಕ ಕೂತಿವೆ.

ಈ ಮೆತ್ತಗಾಗೋ ಕೆಲಸ 5-6ನೇ ಶತಮಾನದ ಹೊತ್ತಿಗೆ ನೆಲೆ ನಿಂತಿತ್ತು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಲೆಕ್ಕ. ಆದ್ರೆ ಬರೆಯೋರ ಕೈ ಬಾಯಿಗಿಂತ ಭಾಳ ಹಿಂದಿರತ್ತೆ. ಲಿಚ್‌ಫೀಲ್ಡ್ ಕ್ಯಾಥೆಡ್ರಲ್‌ನಲ್ಲಿರೋ ಹಳೆ ಸುವಾರ್ತೆ ಹಸ್ತಪ್ರತಿಯ ಅಂಚಿನಲ್ಲಿ ಒಂದು ಜಮೀನು ವ್ಯಾಜ್ಯದ ಟಿಪ್ಪಣಿ ಇದೆ, ಲ್ಯಾಟಿನ್‌ನಲ್ಲಿ ಶುರುವಾಗಿ ವೆಲ್ಶ್‌ಗೆ ಜಾರಿಕೊಳ್ಳತ್ತೆ, ಉಳಿದಿರೋ ಅತ್ಯಂತ ಹಳೇ ವೆಲ್ಶ್ ಗದ್ಯದಲ್ಲಿ ಅದೂ ಒಂದು. ಅದರಲ್ಲಿ ಬರೋ ಒಬ್ಬ ಮನುಷ್ಯನ ಹೆಸರು ಟುಟ್‌ಬುಲ್ಕ್ ಅಂತ ಬರೆದಿದೆ, ಇವತ್ತಿನ ರೂಪದಲ್ಲಿ ಅದು ಟುಡ್‌ವುಲ್ಖ್. ಬಾಯಲ್ಲಿ ಡ ಬಂದು ತಲೆಮಾರುಗಳೇ ಕಳೆದಿದ್ರೂ ಬರೆಯೋನು ಟ ಅಂತಲೇ ಬರೀತಿದ್ದ, ಹಳೇ ಸ್ಪೆಲ್ಲಿಂಗ್ ಅಭ್ಯಾಸ.

ಇಲ್ಲಿವರೆಗೆ ಬರೀ ಸದ್ದಿನ ವಿಷಯ. ಕನ್ನಡ ಇಲ್ಲಿಗೇ ನಿಲ್ಲತ್ತೆ, ವೆಲ್ಶ್ ಇಲ್ಲಿಂದ ಬೇರೆ ದಾರಿ ಹಿಡಿಯತ್ತೆ. ಮಧ್ಯದಲ್ಲಿ ಮೆತ್ತಗಾಗೋ ಸದ್ದು ಪದದ ಮೊದಲಲ್ಲಿ ಯಾಕೆ ಮೆತ್ತಗಾಗತ್ತೆ? ಯಾಕಂದ್ರೆ ಮಾತಾಡೋವಾಗ ಪದಗಳ ಮಧ್ಯೆ ಯಾರೂ ಜಾಗ ಬಿಡಲ್ಲ, ಹಿಂದಿನ ಪದ ಸ್ವರದಲ್ಲಿ ಮುಗಿದ್ರೆ ಮುಂದಿನ ಪದದ ಮೊದಲ ವ್ಯಂಜನ ಎರಡು ಸ್ವರದ ಮಧ್ಯೆ ಸಿಕ್ಕಂತೇ ಲೆಕ್ಕ. 'ಅವನ' ಅನ್ನೋ ಹಳೇ ಪದ ಸ್ವರದಲ್ಲಿ ಮುಗೀತಿತ್ತು, 'ಅವಳ' ಅನ್ನೋದು ಸ್ ಅನ್ನೋ ವ್ಯಂಜನದಲ್ಲಿ ಮುಗೀತಿತ್ತು, 'ನನ್ನ' ಅನ್ನೋದರ ಕೊನೇಲಿ ನ್ ಇತ್ತು. ಹಂಗಾಗಿ ಬೆಕ್ಕು ಅನ್ನೋ ಅರ್ಥದ ಕಾಥ್, 'ಅವನ' ಪಕ್ಕ ಬಂದಾಗ ಗಾಥ್ ಆಯ್ತು, 'ಅವಳ' ಪಕ್ಕ ಬಂದಾಗ ಆ ಸ್ ಒತ್ತಿ ಖಾಥ್ ಆಯ್ತು, 'ನನ್ನ' ಪಕ್ಕ ಬಂದಾಗ ಙ್ಹಾಥ್ ಆಯ್ತು. ಮೂವತ್ತು, ಇಪ್ಪತ್ತು, ಎಂಬತ್ತರ ಕಥೇನೇ.

ಆಮೇಲೆ ಆಗಿದ್ದು ದೊಡ್ಡದು. 6ನೇ ಶತಮಾನದ ಸುಮಾರಿಗೆ ಆ ಭಾಷೆ ಪದಗಳ ಕೊನೇ ಸಿಲಬಲ್ಲೇ ಉದುರಿಸಿಬಿಡ್ತು. ಬದಲಾವಣೆಗೆ ಕಾರಣವಾಗಿದ್ದ ಸ್ವರ ಹೋಯ್ತು, ಸ್ ಹೋಯ್ತು, ನ್ ಹೋಯ್ತು. ಬದಲಾವಣೆ ಮಾತ್ರ ಉಳೀತು. ಇವತ್ತು 'ಅವನ' ಅನ್ನೋದೂ 'ಇ', 'ಅವಳ' ಅನ್ನೋದೂ 'ಇ', ಬರೆಯೋದೂ ಒಂದೇ ಥರ, 'ಅವರ' ಅನ್ನೋದನ್ನೂ ಮಾತಲ್ಲಿ 'ಇ' ಅಂತಲೇ ಅಂತಾರೆ. ಇ ಗಾಥ್ ಅಂದ್ರೆ ಅವನ ಬೆಕ್ಕು, ಇ ಖಾಥ್ ಅಂದ್ರೆ ಅವಳ ಬೆಕ್ಕು, ಇ ಕಾಥ್ ಅಂದ್ರೆ ಅವರ ಬೆಕ್ಕು. ಬೆಕ್ಕು ಯಾರದ್ದು ಅಂತ ಹೇಳೋ ಪೂರ್ತಿ ಜವಾಬ್ದಾರಿ ಬೆಕ್ಕು ಅನ್ನೋ ಪದದ ಮೊದಲ ಅಕ್ಷರದ ಮೇಲೆ ಬಿತ್ತು. ಹೆಣ್ಣು ಗಂಡು ಲಿಂಗದ ವಿಷಯಾನೂ ಹಂಗೇ, ಹುಡುಗ ಅನ್ನೋ ಬಾಖ್ಗೆನ್‌ಗೆ 'ಅ' ಸೇರಿಸಿದ್ರೆ ಏನೂ ಆಗಲ್ಲ, ಹುಡುಗಿ ಅನ್ನೋ ಮೆರ್ಖ್‌ಗೆ ಸೇರಿಸಿದ್ರೆ 'ಅ ವೆರ್ಖ್' ಆಗತ್ತೆ, ಯಾಕಂದ್ರೆ ಹೆಣ್ಣು ಪದಗಳ ಹಿಂದೆ ಬರೋ ಆ ಪುಟ್ಟ ಪದ ಒಂದು ಕಾಲದಲ್ಲಿ ಆ ಅನ್ನೋ ಸ್ವರದಲ್ಲಿ ಮುಗೀತಿತ್ತು.

ನಮ್ಮಲ್ಲಿ ಅರ್ಥದ ಭಾರ ಹೊರೋದು ಪದದ ಬಾಲ, ಮನೆಗೆ, ಮನೆಯಿಂದ, ಮನೇಲಿ. ಅವರಲ್ಲಿ ಬಾಲ ಉದುರಿ ಹೋಗಿ ಸ್ವಲ್ಪ ಭಾರ ತಲೆಗೆ ಬಂತು. ನನ್ನ ಪ್ರಕಾರ ಈ ಒಂದು ವ್ಯತ್ಯಾಸದಲ್ಲೇ ಎರಡು ಭಾಷೆಗಳ ಮುಂದಿನ ಕಥೆ ಇದೆ. ನಮ್ಮ ಆದೇಶ ಸಂಧಿ ಬರೀ ಸದ್ದಿನ ಅನುಕೂಲ ಆಗಿತ್ತು, ಅದನ್ನ ಬಿಟ್ರೂ ಅರ್ಥಕ್ಕೆ ಏನೂ ಆಗಲ್ಲ, ಹಂಗಾಗಿ ಬಿಟ್ಟೇಬಿಟ್ವಿ. ಟಿವಿ ಬಂದಾಗ ಕಿರುತೆರೆ ಅಂದ್ವಿ, ಕಿರುದೆರೆ ಅನ್ನಲಿಲ್ಲ. ಸಿನಿಮಾಗೆ ಬೆಳ್ಳಿತೆರೆ ಅಂದ್ವಿ, ಬೆಳ್ಳಿದೆರೆ ಅನ್ನಲಿಲ್ಲ. ಮಳೆಗಾಲ ಚಳಿಗಾಲ ಅಂತೀವಿ ಆದ್ರೆ ಮೊಬೈಲ್ ಕಾಲ ಅಂತೀವಿ. ಹಳೇ ಪದಗಳ ಒಳಗೆ ಅದು ಗಟ್ಟಿಯಾಗಿ ಕೂತುಬಿಟ್ಟಿದೆ, ಹೊಸ ಪದಕ್ಕೆ ಅದರ ಕೈ ಎಟುಕಲ್ಲ. 'ಮೆಲ್ವಾತು' ಅಂತ ಇವತ್ತು ಯಾರೂ ಹೊಸದಾಗಿ ಕಟ್ಟಲ್ಲ, ಮಾತು ವಾತು ಆಗೋದು ವ್ಯಾಕರಣ ಪುಸ್ತಕದ ಉದಾಹರಣೇಲಿ ಮಾತ್ರ ಉಳಿದಿದೆ. ವೇಲ್ಸಲ್ಲಿ ಅದೇ ಮ ವ ಆಗೋದು ಇವತ್ತು ಬೆಳಗ್ಗೆಯೂ ಜನರ ಬಾಯಲ್ಲಿ ನಡೀತಿದೆ, ಸಾವಿರದೈನೂರು ವರ್ಷದಿಂದ ನಡ್ಕೊಂಡು ಬಂದಿದೆ, ಯಾಕಂದ್ರೆ ಅದಕ್ಕೆ ಅಲ್ಲಿ ಕೆಲಸ ಇದೆ.

ಊರ ಹೆಸರುಗಳನ್ನ ನೋಡಿದ್ರೆ ಇದು ಮ್ಯಾಪ್ ತುಂಬಾ ಕಾಣತ್ತೆ. ಚರ್ಚಿನ ಜಾಗ ಅನ್ನೋ ಅರ್ಥದ 'ಲ್ಹಾನ್' ಜೊತೆ ಸಂತರ ಹೆಸರು ಸೇರಿಸಿ ಊರಿಗೆ ಹೆಸರಿಡೋದು ಅಲ್ಲಿನ ಪದ್ಧತಿ. ಪೆರಿಸ್ ಅನ್ನೋ ಸಂತನ ಊರು ಲ್ಹಾನ್‌ಬೆರಿಸ್, ಟುಡ್ನೋನದ್ದು ಲ್ಹಾನ್‌ಡುಡ್ನೋ, ಕೊಲ್ಹೆನ್‌ನದ್ದು ಲ್ಹಾನ್‌ಗೊಲ್ಹೆನ್, ಪ ಟ ಕ ಗಳು ಬ ಡ ಗ ಆಗಿರೋದು ಪಾಠದ ಥರ ಸಾಲಾಗಿ ಸಿಗತ್ತೆ. ಮೇರಿ ತಾಯಿ ವೆಲ್ಶ್‌ನಲ್ಲಿ ಮಾಯರ್, ಅವಳ ಹೆಸರಿನ ಊರೆಲ್ಲಾ ಲ್ಹಾನ್‌ವಾಯರ್. ಟೂರಿಸ್ಟ್‌ಗಳು ಫೋಟೋ ತೆಗೆಸ್ಕೊಳ್ಳೋ ಆ 58 ಅಕ್ಷರದ ರೈಲ್ವೆ ಸ್ಟೇಷನ್ ಹೆಸರು ಶುರುವಾಗೋದೂ ಈ ಪದದಿಂದಲೇ. 2022ರಲ್ಲಿ ಅಲ್ಲಿನ ನ್ಯಾಷನಲ್ ಪಾರ್ಕ್‌ನೋರು ಸ್ನೋಡನ್ ಬೆಟ್ಟಾನ ಇನ್ಮೇಲೆ ವೆಲ್ಶ್ ಹೆಸರಲ್ಲೇ ಕರೀತೀವಿ ಅಂತ ತೀರ್ಮಾನ ಮಾಡಿದ್ರಲ್ಲ, ಆ ಹೆಸರು 'ಅರ್ ವಿದ್ವಾ', ಮೂಲ ಪದ ಗ್ವಿದ್ವಾ, ಸಮಾಧಿ ದಿಬ್ಬ ಅಂತ ಅರ್ಥ, ಹೆಣ್ಣು ಪದ ಆಗಿದ್ದಕ್ಕೆ ಮೊದಲ ಗ ಮಾಯ. 1085 ಮೀಟರ್ ಎತ್ತರದ, ವೇಲ್ಸಿನ ಅತಿ ದೊಡ್ಡ ಬೆಟ್ಟದ ಹೆಸರಲ್ಲೇ ಒಂದು ಟ್ರೈಗ್ಲಾಡ್ ಕೂತಿದೆ.

ಮನುಷ್ಯರ ಹೆಸರಲ್ಲೂ ಇದೆ. ಮಗ ಅನ್ನೋ 'ಮಾಬ್' ಹೆಸರಿನ ಮಧ್ಯೆ ಬಂದಾಗ ಮ ವ ಆಗಿ, ಆ ವ ಕೂಡ ಬಿದ್ದು 'ಆಬ್' ಅಥವಾ 'ಆಪ್' ಆಯ್ತು. ರ್ಹೀಸ್‌ನ ಮಗ ಆಪ್ ರ್ಹೀಸ್, ಇಂಗ್ಲಿಷ್ ಬಾಯಲ್ಲಿ ಪ್ರೈಸ್. ಹವೆಲ್‌ನ ಮಗ ಪವೆಲ್, ಹ್ಯಾರಿಯ ಮಗ ಪ್ಯಾರಿ, ಓವೆನ್‌ನ ಮಗ ಬೋವೆನ್. 1948ರಲ್ಲಿ ಬ್ರಿಟನ್‌ನಲ್ಲಿ ಎಲ್ಲರಿಗೂ ಫ್ರೀ ಆಸ್ಪತ್ರೆ ವ್ಯವಸ್ಥೆ ತಂದ ಮಂತ್ರಿ ಅನೈರಿನ್ ಬೆವನ್, ಆ ಬೆವನ್ ಅಂದ್ರೆ ಇವಾನ್‌ನ ಮಗ. ವೆಲ್ಶ್‌ನ ಅಣ್ಣತಮ್ಮಂದಿರ ಭಾಷೆಗಳಾದ ಐರಿಷ್, ಸ್ಕಾಟಿಷ್ ಗೇಲಿಕ್‌ನಲ್ಲೂ ಹೀಗೇ ಇದೆ, ಹೇಮಿಶ್ ಅನ್ನೋ ಹೆಸರು ಕೇಳಿರ್ತೀರ, ಅದು ಬೇರೆ ಹೆಸರೇ ಅಲ್ಲ, ಶೇಮಸ್ ಅನ್ನೋನನ್ನ 'ಏ ಶೇಮಸ್' ಅಂತ ಕೂಗಿದಾಗ ಶ ಹ ಆಗಿ ಕೇಳಿಸೋ ರೂಪ, ಅದನ್ನೇ ಹೊರಗಿನೋರು ಹೆಸರು ಅಂದ್ಕೊಂಡ್ರು.

ಈಗಿನ ವಿಷಯಕ್ಕೆ ಬರ್ತೀನಿ. ಮೂರು ಟ್ರೈಗ್ಲಾಡ್‌ನಲ್ಲಿ ಮೊದಲು ಸಡಿಲ ಆಗ್ತಿರೋದು ಉಸಿರಿನದ್ದು. ಟೀ ಮತ್ತು ಕಾಫಿ ಅನ್ನೋಕೆ ಪುಸ್ತಕದ ಪ್ರಕಾರ 'ಟೇ ಅ ಖೋಫಿ', ಮಾತಲ್ಲಿ ಎಷ್ಟೋ ಜನ 'ಟೇ ಅ ಕೋಫಿ' ಅಂದ್ಬಿಡ್ತಾರೆ. ಮೂರು ನಾಯಿ 'ಟ್ರೀ ಖೀ' ಆಗಬೇಕು, 'ಟ್ರೀ ಕೀ' ಆಗತ್ತೆ. ಆಮೇಲೆ ಮೂಗಿನದ್ದು. 'ನನ್ನ ಕಾರು' ಪುಸ್ತಕದಲ್ಲಿ 'ವ ಙ್ಹಾರ್ ಈ', ಈಗಿನ ಹುಡುಗರು 'ಕಾರ್ ವೀ' ಅಂತಾರೆ, ಕಾರು ನಾನು ಅಂದಂಗೆ, ಹಿಂದಿನ 'ನನ್ನ' ಕಿತ್ತು ಹಾಕಿ ಮುಂದಿನ ಸರ್ವನಾಮ ಒಂದನ್ನೇ ಇಟ್ಕೊಂಡು. ಇದನ್ನ ಕೇಳಿದ್ರೆ ಹಿರಿಯರಿಗೆ ಮೈಯೆಲ್ಲಾ ಉರಿಯತ್ತೆ.

ಸೋಮಾರಿತನ ಅಂತ ಬೈಯೋದು ಸುಲಭ, ಆದ್ರೆ ಒಳಗೆ ಏನಾಗ್ತಿದೆ ನೋಡಬೇಕು. ಮಾತಾಡೋ ವೆಲ್ಶ್‌ನಲ್ಲಿ ಈಗ ಬಹಳ ಸಲ 'ಇ ಗಾಥ್' ಅಂತ ಅಲ್ಲಿಗೇ ಬಿಡಲ್ಲ, ಕೊನೇಲಿ ಸರ್ವನಾಮ ಸೇರಿಸಿ 'ಇ ಗಾಥ್ ಓ', 'ಇ ಖಾಥ್ ಹೀ', 'ಇ ಕಾಥ್ ನ್ಹೂ' ಅಂತಾರೆ. ಓ ಅಂದ್ರೆ ಅವನು, ಹೀ ಅಂದ್ರೆ ಅವಳು, ನ್ಹೂ ಅಂದ್ರೆ ಅವರು. ಬೆಕ್ಕು ಯಾರದ್ದು ಅಂತ ಆ ಕೊನೇ ಪದವೇ ಹೇಳಿಬಿಟ್ಟ ಮೇಲೆ ಮೊದಲ ಅಕ್ಷರ ಬದಲಾದ್ರೂ ಒಂದೇ ಆಗದಿದ್ರೂ ಒಂದೇ. ಅಂದ್ರೆ 6ನೇ ಶತಮಾನದಲ್ಲಿ ಬಾಲದಿಂದ ತಲೆಗೆ ಬಂದ ಭಾರ ಈಗ ಮತ್ತೆ ಬಾಲದ ಕಡೆಗೆ ಹೋಗ್ತಿದೆ. ಭಾರ ಇಳಿಸ್ಕೊಂಡ ಟ್ರೈಗ್ಲಾಡ್ ನಮ್ಮ ಆದೇಶ ಸಂಧಿ ಇದ್ದ ಜಾಗಕ್ಕೆ ಬಂದು ನಿಂತಿದೆ, ಬಿಟ್ರೂ ಅರ್ಥ ಕೆಡಲ್ಲ ಅನ್ನೋ ಜಾಗ. ಇಂಗ್ಲಿಷಿನ ಒತ್ತಡ ಇದೆ, ಅದನ್ನ ಅಲ್ಲಗಳೆಯೋಕಾಗಲ್ಲ, ಆದ್ರೆ ಇಂಗ್ಲಿಷ್ ತಳ್ಳಿದ್ದು ಆಗಲೇ ಸಡಿಲ ಆಗಿದ್ದ ಕಲ್ಲನ್ನ.

ಇನ್ನೊಂದು, ಮಕ್ಕಳು ಇದನ್ನ ಕಲಿಯೋಕೆ ನಿಜವಾಗಲೂ ವರ್ಷಗಟ್ಟಲೆ ಬೇಕು. ವೆಲ್ಶ್ ಮನೆಗಳಲ್ಲೇ ಬೆಳೆದ ಮಕ್ಕಳಿಗೂ ಲಿಂಗಕ್ಕೆ ತಕ್ಕ ಟ್ರೈಗ್ಲಾಡ್ ಪೂರ್ತಿ ಕೂರೋದು ತಡ ಅಂತ ಬ್ಯಾಂಗರ್ ಯೂನಿವರ್ಸಿಟಿಯೋರ ಅಧ್ಯಯನಗಳು ತೋರಿಸಿವೆ. ಒಂದು ಪದ ಹೆಣ್ಣೋ ಗಂಡೋ ಅಂತ ಪದ ನೋಡಿದ್ರೆ ಗೊತ್ತಾಗಲ್ಲ, ಸಾವಿರ ಸಲ ಕಿವಿಗೆ ಬೀಳಬೇಕು. ಮನೇಲಿ ಅಜ್ಜಿ ವೆಲ್ಶ್ ಮಾತಾಡಿದ್ರೆ ಆ ಸಾವಿರ ಸಲ ಐದು ವರ್ಷಕ್ಕೆ ಆಗೋಗತ್ತೆ, ಕ್ಲಾಸ್ ರೂಮಲ್ಲಿ ಮಾತ್ರ ಕೇಳೋ ಮಗುವಿಗೆ ಹದಿನೈದು ವರ್ಷವಾದ್ರೂ ಆಗಲ್ಲ. ಡಿಕ್ಷನರಿ ನೋಡೋಣ ಅಂದ್ರೆ ಅಲ್ಲೂ ಕಷ್ಟ. ನಾನು ಮೊದಲ ಸಲ ವೆಲ್ಶ್ ನಿಘಂಟು ಹಿಡಿದು ಅರ್ಧ ಗಂಟೆ ಗಾಥ್ ಅನ್ನೋ ಪದ ಹುಡುಕಿದ್ದೆ, ಸಿಗಲೇ ಇಲ್ಲ, ಸಿಗೋದೂ ಇಲ್ಲ, ಅದು ಕಾಥ್ ಕೆಳಗೆ ಇರತ್ತೆ ಅಂತ ಗೊತ್ತಿದ್ರೆ ಮಾತ್ರ ಸಿಗತ್ತೆ. ಈಗ ಬ್ಯಾಂಗರ್‌ನಲ್ಲೇ ಮಾಡಿರೋ ಕಸಿಲ್ಹ್ ಅನ್ನೋ ಸಾಫ್ಟ್‌ವೇರ್ ಇದೆ, ಟೈಪ್ ಮಾಡಿದ್ದರಲ್ಲಿ ಟ್ರೈಗ್ಲಾಡ್ ತಪ್ಪಿದ್ರೆ ತೋರಿಸತ್ತೆ, ಆಫೀಸ್ ಲೆಟರ್ ಬರೆಯೋರಿಗೆ ಅದು ದೊಡ್ಡ ಆಸರೆ. ಮಾತಾಡೋವಾಗ ಅಂಥದ್ದೇನೂ ಇರಲ್ಲ.

ಇಲ್ಲೇ ನನಗೆ ನಿಜವಾದ ಸಂಕಟ ಕಾಣೋದು. ಟ್ರೈಗ್ಲಾಡ್ ತಪ್ಪತ್ತೆ ಅನ್ನೋ ಹೆದರಿಕೆಗೆ ವೆಲ್ಶ್ ಬರೋರೇ ಇಂಗ್ಲಿಷಿಗೆ ಜಾರ್ಕೊಳ್ತಾರೆ, ನನ್ನ ವೆಲ್ಶ್ ಅಷ್ಟು ಚೆನ್ನಾಗಿಲ್ಲ ಅಂತ ಮುಂಚೇನೇ ಕ್ಷಮೆ ಕೇಳಿಬಿಡ್ತಾರೆ. ಈ ಸಂಕಟ ನನಗೆ ಮನೆಯಿಂದಲೇ ಗೊತ್ತು. ನಮ್ಮಜ್ಜಿ ಹಾಲಿಗೆ ಆಲು ಅಂತಿದ್ರು, ಹಸುಗೆ ಅಸು ಅಂತಿದ್ರು. ಒಂದು ಸಲ ಯಾವುದೋ ಆಫೀಸಲ್ಲಿ ಅವರು ಮಾತಾಡಿದ್ದಕ್ಕೆ ಅಲ್ಲಿದ್ದೋರು ನಕ್ರು, ಅದಾದ್ಮೇಲೆ ಊರು ಬಿಟ್ಟು ಹೊರಗೆ ಹೋದಾಗ ಅಜ್ಜಿ ಬಾಯೇ ಬಿಡ್ತಿರ್ಲಿಲ್ಲ, ಏನಿದ್ರೂ ನನ್ನ ಕೈಲಿ ಹೇಳಿಸೋರು. ಆ ನಕ್ಕೋರಿಗೆ ಗೊತ್ತಿಲ್ಲದ್ದು ಏನಂದ್ರೆ ಅವರೇ ಹೇಳೋ 'ಹಾಲು' ಒಂದು ಕಾಲದಲ್ಲಿ ಪಾಲು ಆಗಿತ್ತು, ತಮಿಳರು ಇವತ್ತೂ ಪಾಲ್ ಅಂತಾರೆ. ಪ ಹ ಆಯ್ತು, ಹ ಕೂಡ ಸವೆದು ಹೋಗತ್ತೆ, ಅಜ್ಜಿ ಇನ್ನೊಂದು ಹೆಜ್ಜೆ ಮುಂದೆ ಇದ್ರು ಅಷ್ಟೇ. ಸೆಲ್ಟಿಕ್ ಭಾಷೆಗಳು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಸರಿಯಾಗಿ ಇದೇ ದಾರಿಯಲ್ಲಿ ನಡೆದು ಹಳೇ ಪ ಕಳ್ಕೊಂಡ್ವು. ಲ್ಯಾಟಿನ್‌ನ ಪಾಟೆರ್, ಅಂದ್ರೆ ಅಪ್ಪ, ಐರಿಷ್‌ನಲ್ಲಿ ಅಹಿರ್. ಮೀನು ಅನ್ನೋ ಪಿಸ್ಕಿಸ್ ಐರಿಷ್‌ನಲ್ಲಿ ಈಯಸ್ಕ್. ತುಂಬಿದ್ದು ಅನ್ನೋ ಪ್ಲೇನುಸ್ ವೆಲ್ಶ್‌ನಲ್ಲಿ ಲ್ಹೌನ್. ಆ ಪ ಬಿಟ್ಟಿದ್ದು ತಪ್ಪು ಅಂತ ಇವತ್ತು ಯಾವ ಐರಿಷ್ ಮೇಷ್ಟ್ರೂ ಮಾರ್ಕ್ಸ್ ಕಟ್ ಮಾಡಲ್ಲ.

ಹಂಗಂತ ಟ್ರೈಗ್ಲಾಡ್ ಹೋದ್ರೆ ಹೋಗಲಿ ಬಿಡಿ ಅನ್ನೋರ ಜೊತೆ ನಾನಿಲ್ಲ. ವೆಲ್ಶ್ ಕಾವ್ಯದಲ್ಲಿ ಕಙ್‌ಹಾನೆದ್ ಅಂತ ಒಂದು ಕಟ್ಟು ಇದೆ, ಸಾಲಿನ ಮೊದಲರ್ಧದಲ್ಲಿ ಬಂದ ವ್ಯಂಜನಗಳೇ ಅದೇ ಕ್ರಮದಲ್ಲಿ ಎರಡನೇ ಅರ್ಧದಲ್ಲೂ ಬರಬೇಕು ಅನ್ನೋ ಥರದ ಕಟ್ಟುನಿಟ್ಟು, ನಮ್ಮ ಆದಿಪ್ರಾಸಕ್ಕಿಂತ ಎಷ್ಟೋ ಪಟ್ಟು ಬಿಗಿ. 14ನೇ ಶತಮಾನದ ದಾವಿದ್ ಆಪ್ ಗ್ವಿಲಿಮ್‌ನಿಂದ ಹಿಡಿದು ಈಗಿನ ಐಸ್ಟೆದ್ವೋಡ್ ಉತ್ಸವದಲ್ಲಿ ಕುರ್ಚಿ ಗೌರವಕ್ಕೆ ಬರೆಯೋರವರೆಗೆ ಎಲ್ಲರೂ ಅದನ್ನ ಪಾಲಿಸ್ತಾರೆ. ಅಲ್ಲಿ ಗ ಇರಬೇಕಾದ ಜಾಗದಲ್ಲಿ ಕ ಓದಿದ್ರೆ ಸಾಲು ಮುರೀತು. ಟ್ರೈಗ್ಲಾಡ್ ಕಿವಿಗೆ ಕೇಳದ ತಲೆಮಾರಿಗೆ ಏಳುನೂರು ವರ್ಷದ ಕಾವ್ಯ ಬರೀ ಅರ್ಥ ಆಗತ್ತೆ, ಅದರ ನಾದ ಕೇಳಿಸಲ್ಲ. ಹಳೆಗನ್ನಡ ಕಾವ್ಯದ ಮುಂದೆ ಕೂತಾಗ ನಮಗೆ ಆಗೋದೂ ಅದೇ, ಆ ನಷ್ಟ ಏನಂತ ನಮಗೆ ಗೊತ್ತು. ಹಂಗಾಗಿ ಕಲಿಸಬೇಕು, ಕೋಷ್ಟಕ ಬಾಯಿಪಾಠ ಮಾಡಿಸಿ ಅಲ್ಲ, ಹಾಡು, ಕಥೆ, ರೇಡಿಯೋ, ಆಟದಿಂದ, ಕಿವಿಗೆ ತುಂಬಿ ತುಂಬಿ. ಬಾಯಿ ಬಿಟ್ಟ ಹುಡುಗನನ್ನ ಮಧ್ಯದಲ್ಲಿ ತಡೆದು ತಿದ್ದೋದನ್ನ ಮಾತ್ರ ನಿಲ್ಲಿಸಬೇಕು.

ಭಾಷೆ ಸಾಯೋದಕ್ಕೂ ಟ್ರೈಗ್ಲಾಡ್ ಸಾಯೋದಕ್ಕೂ ಯಾವುದು ಮೊದಲು ಅನ್ನೋದಕ್ಕೆ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್ ಅನ್ನೋ ಸೆಲ್ಟಿಕ್ ಭಾಷೆಯನ್ನ ಮನೆಮಾತಾಗಿ ಆಡ್ತಿದ್ದ ಕೊನೆಯವರು ನೆಡ್ ಮ್ಯಾಡ್ರೆಲ್, 1974ರಲ್ಲಿ ತೀರಿಕೊಂಡ್ರು. ಕೊನೆಕೊನೇಲಿ ಮ್ಯಾಂಕ್ಸ್‌ನಲ್ಲಿ ಈ ಬದಲಾವಣೆಗಳು ಅಡ್ಡಾದಿಡ್ಡಿ ಆಗಿದ್ವು, ಒಂದು ಸಲ ಬರೋವು, ಒಂದು ಸಲ ಇಲ್ಲ. ಅದರಿಂದ ಆ ಭಾಷೆ ಸಾಯಲಿಲ್ಲ, ಅಪ್ಪ ಅಮ್ಮ ಮಕ್ಕಳ ಜೊತೆ ಆಡೋದು ನಿಲ್ಲಿಸಿದ್ದಕ್ಕೆ ಸತ್ತಿತು, ಸದ್ದು ತಪ್ಪೋಕೆ ಶುರುವಾಗಿದ್ದು ಆಡೋರು ಕಡಿಮೆಯಾದ ಮೇಲೆ.

ಇನ್ನೊಂದು ಕಡೆ, ಬದಲಾವಣೆ ಒಂದೇ ದಿಕ್ಕಿಗೆ ಹೋಗತ್ತೆ ಅಂತಾನೂ ಇಲ್ಲ. ಆಗ್ನೇಯ ವೇಲ್ಸಿನ ಕಲ್ಲಿದ್ದಲು ಕಣಿವೆಗಳ ಹಳೇ ಆಡುಮಾತಲ್ಲಿ ಮಧ್ಯದ ಬ ಡ ಗ ಗಳು ತಿರುಗಿ ಗಟ್ಟಿಯಾಗಿ ಪ ಟ ಕ ಆಗಿದ್ವು, ತೆರೆ ಅನ್ನೋ ಆಗೋರ್ ಅಲ್ಲಿ ಆಕೋರ್, ಇಟ್ಕೋ ಅನ್ನೋ ಕಾಡೂ ಅಲ್ಲಿ ಕಾಟೂ. ರೋಮನ್ನರ ಕಾಲದ ನಂತರ ಮೆತ್ತಗಾಗಿದ್ದನ್ನ ಆ ಕಡೆ ಜನರ ನಾಲಿಗೆ ವಾಪಸ್ ಗಟ್ಟಿ ಮಾಡಿತ್ತು. ಆ ಆಡುಮಾತು ಈಗ ಹೆಚ್ಚುಕಮ್ಮಿ ಮರೆಯಾಗಿದೆ, ಆ ಕಣಿವೆಗಳ ಮಕ್ಕಳು ಸ್ಕೂಲಲ್ಲಿ ಕಲಿಯೋದು ಪುಸ್ತಕದ ವೆಲ್ಶ್. ಹೊರಗಿಂದ ಬಂದ ಪದಗಳ ವಿಷಯದಲ್ಲಿ ಜನ ತಮಗೆ ತಾವೇ ಇನ್ನೊಂದು ನಿಯಮ ಮಾಡ್ಕೊಂಡಿದಾರೆ, ಆಟ ಅನ್ನೋ ಗೇಮ್ ಪದದ ಗ ಮಾಯ ಮಾಡಲ್ಲ, ಮಾಡಿದ್ರೆ 'ಏಮ್' ಅಂತಾಗಿ ಪದವೇ ಗುರುತು ಸಿಗಲ್ಲ ಅಂತ. ಮನುಷ್ಯರ ಹೆಸರನ್ನೂ ಈಗ ಯಾರೂ ಬದಲಾಯಿಸಲ್ಲ, ಲ್ಹಾನ್‌ವಾಯರ್ ಅನ್ನೋ ಊರಲ್ಲಿ ಇರೋ ಮಾಯರ್ ಅನ್ನೋ ಹುಡುಗಿಗೆ ಏನಾದ್ರೂ ಕೊಡಬೇಕಾದ್ರೆ 'ಇ ಮಾಯರ್' (ಈ 'ಇ' ನಮ್ಮ 'ಗೆ' ಥರದ್ದು) ಅಂತಲೇ ಅಂತಾರೆ, ಮ ಹಂಗೇ ಇರತ್ತೆ.

ರಾಜಧಾನಿ ಕಾರ್ಡಿಫ್ ವೆಲ್ಶ್‌ನಲ್ಲಿ ಕಾಯರ್ಡೀದ್. ಹಳೇ ರೂಪ ಕಾಯರ್ಡೀವ್, ಕೋಟೆ ಅನ್ನೋ ಕಾಯರ್ ಮತ್ತು ಅಲ್ಲಿ ಹರಿಯೋ ಟಾವ್ ನದಿ, ಟ ಡ ಆಗಿದೆ. ಕೊನೇ ವ ಬರ್ತಾ ಬರ್ತಾ ವೆಲ್ಶ್‌ನಲ್ಲಿ ದ ಆಯ್ತು, ಅದಕ್ಕೂ ಮುಂಚೆ ಕೇಳಿಸ್ಕೊಂಡಿದ್ದ ಇಂಗ್ಲಿಷರ ಬಾಯಲ್ಲಿ ಮಾತ್ರ ಹಳೇ ಸದ್ದು ಫ್ ಆಗಿ ಉಳ್ಕೊಂಡಿದೆ. ಈಗ ಆ ಊರಲ್ಲಿ ವೆಲ್ಶ್ ಮೀಡಿಯಂ ಸ್ಕೂಲುಗಳ ಮಕ್ಕಳು 'ಕಾರ್ಡಿಫಲ್ಲಿ' ಅನ್ನೋದನ್ನ ಹೇಗಂತಾರೆ ಕೇಳಿಸ್ಕೊಳ್ಳಿ. ಪುಸ್ತಕದ್ದು 'ಅಙ್ ಙ್ಹಾಯರ್ಡೀದ್'. ಕೆಲವರು ಏನೂ ಬದಲಾಯಿಸದೆ 'ಅನ್ ಕಾಯರ್ಡೀದ್' ಅಂತಾರೆ. ಆದ್ರೆ ಸುಮಾರು ಜನ, ಯಾರೂ ಹೇಳಿಕೊಡದೆ, 'ಅನ್ ಗಾಯರ್ಡೀದ್' ಅಂತಾರೆ. ವ್ಯಾಕರಣದ ಪ್ರಕಾರ ತಪ್ಪು, ಮೂಗಿನದ್ದು ಬರಬೇಕಾದಲ್ಲಿ ಮೃದು ಬಂದಿದೆ. ಆದ್ರೆ ಆ ಮಗುವಿಗೆ ಇಲ್ಲಿ ಏನೋ ಒಂದು ಬದಲಾಗಬೇಕು ಅನ್ನೋದು ಗೊತ್ತಿದೆ, ಙ್ಹ ಖಾಲಿ ಮಾಡಿ ಹೋದ ಜಾಗಕ್ಕೆ ಅದು ತಾನಾಗಿ ಗ ತಂದು ಕೂರಿಸಿದೆ.